ಕೊಂಡ ಪೆಟ್ಟಿಗೆ ಯಾರದು?

ಮೊನ್ನೆ ಅಟ್ಟ ಗುಡಿಸುವಾಗ ಎರಡು ಕಪ್ಪು ಪೆಟ್ಟಿಗೆಗಳು ಸಿಕ್ಕಿದವು. ಎರಡೂ ನಾನು ದುಡ್ಡು ಕೊಟ್ಟು ಕೊಂಡವು; ಎರಡೂ ಕೆಟ್ಟಿಲ್ಲ. ಮನೆ ಬದಲಾಯಿಸಿದಾಗ ಹೊಸ ಬೀದಿಯ ಕೇಬಲ್ಲಿನವರು, "ಇದು ನಮ್ಮ ಲೈನಿಗೆ ಬರೋಲ್ಲ ಸಾರ್, ಬೇರೆ ಬಾಕ್ಸ್ ತೊಗೊಳ್ಳಿ" ಎಂದರು, ತೆಗೆದುಕೊಂಡೆ. ಮತ್ತೊಮ್ಮೆ ಮನೆ ಬದಲಾಯಿಸಿದೆ. ಮತ್ತೆ ಅದೇ ಮಾತು. ಅವುಗಳ ಪಕ್ಕದಲ್ಲೇ ನಮ್ಮ ತಂದೆಯವರ ರೇಡಿಯೋ ಕೂತಿತ್ತು. ಅವರು ಅದನ್ನು ಶಿವಮೊಗ್ಗದಲ್ಲಿ ಕೊಂಡು, ಹಾಸನದಲ್ಲಿ ಹಾಡಿಸಿ, ಕಡೆಗೆ ಬೆಂಗಳೂರಿಗೆ ತಂದರು. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟುತ್ತಿದ್ದರೆಂಬುದು ನಿಜ. ಆದರೆ ರೇಡಿಯೋ ಅವರದಾಗಿತ್ತು.

ಈ ವ್ಯತ್ಯಾಸದ ಮೂಲವನ್ನು ಹುಡುಕುತ್ತ ಹೋದರೆ ಕಥೆ ಅಮೆರಿಕೆಗೆ ಕರೆದೊಯ್ಯುತ್ತದೆ. ಅಲ್ಲಿ ಬಹುಕಾಲ ಟೆಲಿಫೋನು ಬೆಲ್ ಕಂಪೆನಿಯ ಸ್ವತ್ತು. ಮನೆಯವರು ಬರಿಯ ಬಾಡಿಗೆದಾರರು. ಹೊರಗಿನ ಯಾವ ವಸ್ತುವನ್ನೂ ಅದಕ್ಕೆ ತಗುಲಿಸಕೂಡದೆಂದು ಕಟ್ಟಳೆ. ಹಷ್-ಎ-ಫೋನ್ ಎಂಬ ಬಟ್ಟಲಿನಂಥ ಸಾಧನವೊಂದಿತ್ತು. ಮಾತನಾಡುವ ಕಡೆ ಸಿಕ್ಕಿಸಿದರೆ ಪಕ್ಕದವರಿಗೆ ಮಾತು ಕೇಳಿಸದು. ವಿದ್ಯುತ್ತಿಲ್ಲ, ತಂತಿಯಿಲ್ಲ, ಅಂಗೈ ಅಡ್ಡ ಹಿಡಿದಷ್ಟೇ ಕೆಲಸ. ಅದರಿಂದಲೂ ತಮ್ಮ ವ್ಯವಸ್ಥೆಗೆ ಕೇಡೆಂದು ಕಂಪೆನಿ ವಾದಿಸಿತು. ಫೆಡರಲ್ ಸಂಪರ್ಕ ಆಯೋಗ ಗಂಭೀರವಾಗಿ ತಲೆಯಾಡಿಸಿತು! 1956ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಮಾನವನ್ನು ತಳ್ಳಿಹಾಕಿತು.

ಆಮೇಲೆ ಬಂದವನು ಟೆಕ್ಸಾಸಿನ ಥಾಮಸ್ ಕಾರ್ಟರ್. ಟೆಲಿಫೋನಿನ ರಿಸೀವರನ್ನು ಒಂದು ಗೂಡಿನಲ್ಲಿಟ್ಟರೆ, ದೂರದ ಎಣ್ಣೆಬಾವಿಯ ಬಳಿ ರೇಡಿಯೋ ಹಿಡಿದು ನಿಂತವನೊಡನೆ ಮಾತು ನಡೆಯುವಂತೆ ಅವನು ಉಪಕರಣವೊಂದನ್ನು ಮಾಡಿ, 1959ರಿಂದ ಮಾರುತ್ತಿದ್ದ. ಜಗಳ ಮೇಲಕ್ಕೆ ಹೋಗಿ, 1968ರಲ್ಲಿ ಅದೇ ಆಯೋಗ, ಜಾಲಕ್ಕೆ ಹಾನಿಯಾಗದಿದ್ದರೆ ಯಾರ ಉಪಕರಣವನ್ನಾದರೂ ಜೋಡಿಸಬಹುದೆಂದಿತು. ಉತ್ತರಿಸುವ ಯಂತ್ರ, ಫ್ಯಾಕ್ಸು, ಮೋಡೆಮ್ಮು ಇವೆಲ್ಲ ಆ ಬಾಗಿಲಿನಿಂದಲೇ ಮನೆಯೊಳಕ್ಕೆ ಬಂದವು.

ಕೇಬಲ್ಲಿನ ಹುಟ್ಟು ಮಾತ್ರ ಬಹಳ ಸಾಧುವಾದದ್ದು. ಪೆನ್ಸಿಲ್ವೇನಿಯ ಸಂಸ್ಥಾನದ ಲ್ಯಾನ್ಸ್‌ಫರ್ಡ್ ಬೆಟ್ಟಗಳ ನಡುವಿನ ಊರು. ಫಿಲಡೆಲ್ಫಿಯದ ಟೆಲಿವಿಷನ್ ಅಲ್ಲಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. 1950ರಲ್ಲಿ ರಾಬರ್ಟ್ ಟಾರ್ಲ್ಟನ್ ಎಂಬಾತ ಎತ್ತರದಲ್ಲಿ ಆಂಟೆನಾ ನಿಲ್ಲಿಸಿ, ಅಲ್ಲಿಂದ ಮನೆಮನೆಗೆ ತಂತಿ ಎಳೆದ. ತಂತಿಯ ತುದಿ ನೇರವಾಗಿ ನಿಮ್ಮ ಸೆಟ್ಟಿಗೇ. ನಡುವೆ ಪೆಟ್ಟಿಗೆ ಬಂದದ್ದು ವಾಹಿನಿಗಳು ಹೆಚ್ಚಿದ ಮೇಲೆ, ಕೆಲವಕ್ಕೆ ಬೇರೆಯಾಗಿ ಹಣ ಕೊಡಬೇಕಾದ ಮೇಲೆ. ಬೀಗ ಬಂತು, ಹಿಂದೆಯೇ ಬೀಗದ ಕೈ ಬಂತು, ಅದರ ಹಿಂದೆ ಬಾಡಿಗೆ.

1996ರ ಕಾನೂನು, ಪೆಟ್ಟಿಗೆಯನ್ನು ಅಂಗಡಿಯಲ್ಲಿ ಕೊಳ್ಳುವಂತಾಗಲೆಂದು ಬಯಸಿತು. ಉಪಾಯವೇನೋ ಚೆನ್ನಾಗಿತ್ತು: ಬೀಗವನ್ನಷ್ಟೇ ಒಂದು ಚಿಕ್ಕ ಕಾರ್ಡಿಗೆ ಇಳಿಸುವುದು, ಕಾರ್ಡು ಕಂಪೆನಿಯದು, ಪೆಟ್ಟಿಗೆ ನಿಮ್ಮಿಷ್ಟದ್ದು. ಇದೇ ಕೇಬಲ್‌ಕಾರ್ಡ್. ಕಂಪೆನಿಗಳ ಸ್ವಂತ ಹೊಸ ಪೆಟ್ಟಿಗೆಗಳಲ್ಲೂ ಬೀಗ ಬೇರೆಯಾಗಿರಬೇಕೆಂಬ ನಿಯಮ 2007ರ ಜುಲೈನಲ್ಲಿ ಜಾರಿಗೆ ಬಂತು. ಆದರೆ ಅಂಗಡಿಯ ಪೆಟ್ಟಿಗೆಗೆ ಕೇಳುವ ಕಿವಿಯಿತ್ತು, ಆಡುವ ಬಾಯಿರಲಿಲ್ಲ. ಬೇಕೆಂದಾಗ ಚಿತ್ರ ತರಿಸಿಕೊಳ್ಳುವ ಸೌಕರ್ಯ ಬಹುಪಾಲು ಕಂಪೆನಿಯ ಪೆಟ್ಟಿಗೆಗೇ ಮೀಸಲಾಯಿತು. 2015ರಲ್ಲಿ ಇಬ್ಬರು ಸೆನೆಟರುಗಳು ವಿಚಾರಿಸಿದಾಗ, ಗಿರಾಕಿಗಳಲ್ಲಿ ನೂರಕ್ಕೆ ಸುಮಾರು 99 ಮಂದಿ ಬಾಡಿಗೆಯಲ್ಲೇ ಇದ್ದರು. ಮನೆಯೊಂದಕ್ಕೆ ವರ್ಷಕ್ಕೆ ಸರಾಸರಿ 231 ಡಾಲರು. 2016ರಲ್ಲಿ ಆಯೋಗ ಇನ್ನೊಂದು ಯತ್ನ ಮಾಡಿ ಕೈಬಿಟ್ಟಿತು. 2020ರಲ್ಲಿ ಕಾರ್ಡಿನ ನಿಯಮವನ್ನೂ ತೆಗೆದುಹಾಕಿತು.

ಅದೇ ಕಪಾಟಿನಲ್ಲಿ ಹೋಮ್ ಥಿಯೇಟರಿನ ರಿಸೀವರು ಕೂತಿರುತ್ತದಲ್ಲ, ಅದಕ್ಕೆ ಈ ಗೋಳಿಲ್ಲ. ಯಾವ ಕಂಪೆನಿಯದಾದರೂ ತನ್ನಿ, ಯಾರ ಸ್ಪೀಕರನ್ನಾದರೂ ಜೋಡಿಸಿ. ಆರ್‌ಸಿಎ ಕಂಪೆನಿಯ ಹೆಸರು ಹೊತ್ತ ಪುಟ್ಟ ಪ್ಲಗ್ಗು ಎಲ್ಲರ ಪೆಟ್ಟಿಗೆಗೂ ಹೊಂದುತ್ತಿತ್ತು. 2002ರಲ್ಲಿ ರೂಪುಗೊಂಡ ಎಚ್‌ಡಿಎಂಐ ತಂತಿಯೂ ಹಾಗೆಯೇ. ಆದರೆ ಅದರಲ್ಲಿ ನಕಲು ತಡೆಯುವ ಗುಪ್ತ ಸಂಕೇತವೂ ಹರಿಯುತ್ತದೆ. ಪೆಟ್ಟಿಗೆಯೂ ರಿಸೀವರೂ ಒಂದರ ಗುರುತನ್ನು ಇನ್ನೊಂದು ಒಪ್ಪದಿದ್ದರೆ ಪರದೆ ಕಪ್ಪು. ಇಲ್ಲಿಗೂ ಬೀಗ ಬಂತೆಂದಾಯಿತು!

ನಮ್ಮಲ್ಲಿ ಕಥೆ ತುಸು ಬೇರೆ. 2013ರ ಮಾರ್ಚಿ ಕೊನೆಗೆ ಬೆಂಗಳೂರು, ಮೈಸೂರುಗಳಲ್ಲಿ ಪೆಟ್ಟಿಗೆ ಕಡ್ಡಾಯವಾಯಿತು. ಅಮೆರಿಕದವನಿಗೆ ಕೊಳ್ಳಲು ಆಗದು. ನಮಗೆ ಕೊಂಡರೂ ಬೇರೆಯವರ ಲೈನಿನಲ್ಲಿ ನಡೆಯದು. ಯಾವುದು ವಾಸಿಯೋ, ನನಗಂತೂ ಬಾಡಿಗೆಯೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ಒಂದೇ ಪೆಟ್ಟಿಗೆ ಎಲ್ಲರ ಲೈನಿಗೂ ಹೊಂದಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2020ರ ಏಪ್ರಿಲಿನಲ್ಲಿ ಶಿಫಾರಸು ಮಾಡಿತು.

ಹಳೇ ಸಾಮಾನಿನವನು ಬಂದಾಗ ಪೆಟ್ಟಿಗೆಗಳನ್ನು ಕೊಟ್ಟೆ. ಕೆಟ್ಟಿವೆಯೇ ಎಂದು ಕೇಳಿದ. ಇಲ್ಲವೆಂದೆ. ಅವನು ಮತ್ತೇನೂ ಕೇಳದೆ ತಕ್ಕಡಿಗೆ ಹಾಕಿದ.