ಹಡಗಿನಿಂದ ಧಕ್ಕೆಗೆ: ಮಂಗಳೂರಿನಲ್ಲಿ ಇಳಿಯುವ ಬಗೆ

ಮಂಗಳೂರಿನ ಹಳೆ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯೊಳಗಿದೆ. ಅಳಿವೆ ಬಾಯಿಯಲ್ಲಿ ಮರಳು ದಿಬ್ಬ ಕಟ್ಟುತ್ತಿದ್ದುದರಿಂದ ದೊಡ್ಡ ಹಡಗುಗಳು ಧಕ್ಕೆಯವರೆಗೆ ಬರಲಾಗದೆ ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಮುಂಬಯಿ ಕಡೆಯ ಉಗಿಹಡಗುಗಳಲ್ಲಿ ಬಂದವರು ಅಲ್ಲಿ ದೋಣಿಗೆ ಇಳಿದು ದಡ ಸೇರಬೇಕಿತ್ತು. ಎಳೆ ಮಕ್ಕಳಿದ್ದವರಿಗೆ ಕಷ್ಟವಿದ್ದುದು ಈ ನಡುವಿನ ಹೆಜ್ಜೆಯಲ್ಲೇ. ಹಡಗು ನಿಂತಿದ್ದರೂ ದೋಣಿ ಅಲೆಯೊಡನೆ ಏರಿಳಿಯುತ್ತದೆ. ಮಗುವನ್ನು ಎತ್ತಿಕೊಂಡವರಿಗೆ ಆಸರೆ ಹಿಡಿಯಲು ಒಂದೇ ಕೈ ಉಳಿಯುತ್ತದೆ. ಮಳೆಗಾಲದಲ್ಲಂತೂ ದೊಡ್ಡ ಹಡಗುಗಳ ಸಂಚಾರವೇ ನಿಲ್ಲುತ್ತಿತ್ತು.

1907ರಲ್ಲಿ ಮಂಗಳೂರಿಗೆ ದಕ್ಷಿಣದಿಂದ ರೈಲು ಬಂತು. ಕರಾವಳಿಯುದ್ದಕ್ಕೂ ಮುಂಬಯಿ ಕಡೆಗೆ ಹಳಿ ಪೂರ್ಣಗೊಂಡದ್ದು 1998ರಲ್ಲಿ, ಕೊಂಕಣ ರೈಲ್ವೆಯಿಂದ. ಅಷ್ಟರೊಳಗೆ ರಸ್ತೆ, ಬಸ್ಸುಗಳು ಕಡಲ ಪ್ರಯಾಣಿಕರನ್ನು ಸೆಳೆದುಕೊಂಡಿದ್ದವು.

ಪಣಂಬೂರಿನ ನವಮಂಗಳೂರು ಬಂದರನ್ನು 1974ರಲ್ಲಿ ದೇಶದ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ನೆಲ ಅಗೆದು ಮಾಡಿದ ಒಳಕೊಳವನ್ನು ಅಲೆತಡೆಗೋಡೆಗಳು ಕಾಯುವುದರಿಂದ ಹಡಗು ಧಕ್ಕೆಗೇ ತಾಗಿ ನಿಲ್ಲುತ್ತದೆ. ಮಳೆಗಾಲ ಕಳೆದ ಮೇಲೆ ಇಲ್ಲಿಗೆ ಬರುವ ವಿಹಾರದ ಹಡಗುಗಳ ಪ್ರಯಾಣಿಕರು ಮಕ್ಕಳೊಂದಿಗೆ ಇಳಿಮೆಟ್ಟಿಲಿನಿಂದ ನೇರ ಧಕ್ಕೆಗೆ ಇಳಿದು, ತಪಾಸಣೆ ಮುಗಿಸಿ, ಊರು ನೋಡಲು ಬಸ್ಸು ಹತ್ತುತ್ತಾರೆ.