ಚಿನ್ನದ ಮಾತು ಕೊಟ್ಟ ಕಾಗದ: ರಷ್ಯಾದ ನೂರು ರೂಬಲ್ ನೋಟು

ನೋಟಿಗೆ ಬೆಲೆ ಬರುವುದು ಕಾಗದದಿಂದಲ್ಲ, ಅದನ್ನು ಹೊರಡಿಸಿದವರ ಮಾತಿನಿಂದ. ಆ ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚಕ್ರವರ್ತಿಗಳ ಕಾಲದ ರಷ್ಯಾದ ನೂರು ರೂಬಲ್ ನೋಟು ಒಳ್ಳೆಯ ನಿದರ್ಶನ.

ರಷ್ಯಾದಲ್ಲಿ ಕಾಗದದ ಹಣವನ್ನು ಜಾರಿಗೆ ತಂದವಳು ಸಾಮ್ರಾಜ್ಞಿ ಎರಡನೇ ಕ್ಯಾಥರೀನ್. 1768ರಲ್ಲಿ ಆರಂಭವಾದ ತುರ್ಕಿ ಯುದ್ಧಕ್ಕೆ ಹಣ ಬೇಕಿತ್ತು. ತಾಮ್ರದ ನಾಣ್ಯಗಳೋ ಬಹು ಭಾರ. ದೊಡ್ಡ ಮೊತ್ತವನ್ನು ಗಾಡಿಯಲ್ಲಿ ಹೇರಿ ಸಾಗಿಸಬೇಕಿತ್ತು. ಹೀಗಾಗಿ 1769ರಲ್ಲಿ 25, 50, 75 ಮತ್ತು 100 ರೂಬಲ್‌ಗಳ ನೋಟುಗಳು ಹೊರಬಂದವು. 25ನ್ನು 75 ಎಂದು ತಿದ್ದುವ ಮೋಸಗಾರರು ಹುಟ್ಟಿಕೊಂಡದ್ದರಿಂದ 1771ರಲ್ಲಿ 75ರ ನೋಟನ್ನು ಕೈಬಿಡಲಾಯಿತು. ಮುಂದೆ ಯುದ್ಧಗಳ ಖರ್ಚಿಗಾಗಿ ಮಿತಿಮೀರಿ ಮುದ್ರಿಸಿದಾಗ ನೋಟಿನ ಬೆಲೆ ಕುಸಿಯಿತು. 1839ರಲ್ಲಿ ಮೂರೂವರೆ ಕಾಗದದ ರೂಬಲ್‌ಗೆ ಒಂದು ಬೆಳ್ಳಿ ರೂಬಲ್ ಎಂದು ನಿಗದಿಯಾಯಿತು.

1866ರ ನೂರು ರೂಬಲ್ ನೋಟಿನ ಮೇಲೆ ಕ್ಯಾಥರೀನಳ ಭಾವಚಿತ್ರ ಬಂತು. ಜನರು ಅದನ್ನು ಅಕ್ಕರೆಯಿಂದ 'ಕಾತೆಂಕಾ' ಎಂದು ಕರೆದರು. 1897ರಲ್ಲಿ ಹಣಕಾಸು ಸಚಿವ ಸೆರ್ಗೆಯ್ ವಿಟ್ಟೆ ರೂಬಲ್ಲನ್ನು ಚಿನ್ನಕ್ಕೆ ಜೋಡಿಸಿದರು. ಒಂದು ರೂಬಲ್ ಎಂದರೆ 0.774 ಗ್ರಾಂ ಅಪ್ಪಟ ಚಿನ್ನ. ನೋಟು ತಂದವರಿಗೆ ಮಿತಿಯಿಲ್ಲದೆ ಚಿನ್ನದ ನಾಣ್ಯ ಕೊಡುವುದಾಗಿ ಸರ್ಕಾರಿ ಬ್ಯಾಂಕು ನೋಟಿನ ಮೇಲೆಯೇ ಅಚ್ಚು ಹಾಕಿಸಿತು. ಸುಮಾರು 26 ಸೆಂಟಿಮೀಟರ್ ಉದ್ದದ, 1910ರ ಸುಂದರವಾದ ಕಾತೆಂಕಾ ಈ ಮಾತನ್ನು ಹೊತ್ತಿತ್ತು.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದೊಡನೆ ಚಿನ್ನ ಕೊಡುವುದು ನಿಂತಿತು. ವಿಚಿತ್ರವೆಂದರೆ ನೋಟಿನ ಮೇಲಿನ ಒಕ್ಕಣೆ ಬದಲಾಗಲಿಲ್ಲ. ಇಸವಿಯೂ 1910 ಎಂದೇ ಉಳಿಯಿತು. ಬ್ಯಾಂಕಿನ ಮುಖ್ಯಸ್ಥರ ಸಹಿ ಮಾತ್ರ ಕೊನ್ಶಿನ್ ಬದಲು ಶಿಪೋವ್ ಎಂದಾಯಿತು. ಯುದ್ಧಕ್ಕೆ ಮುನ್ನ ಸುಮಾರು 160 ಕೋಟಿ ರೂಬಲ್‌ನಷ್ಟಿದ್ದ ನೋಟುಗಳ ಚಲಾವಣೆ, 1917ರ ಕ್ರಾಂತಿಯ ವೇಳೆಗೆ 900 ಕೋಟಿ ದಾಟಿತ್ತು.

ಚಕ್ರವರ್ತಿ ಪದಚ್ಯುತನಾದ ಮೇಲೂ ಜನರು ಹೊಸ ಸರ್ಕಾರಗಳ ನೋಟಿಗಿಂತ ಹಳೆಯ ಕಾತೆಂಕಾವನ್ನೇ ಹೆಚ್ಚು ನಂಬಿದರು. ಅಂತರ್ಯುದ್ಧದ ದಿನಗಳಲ್ಲಿ, ಹಳೆಯ ಕಾಲ ಮರಳಬಹುದೆಂಬ ಆಸೆಯಿಂದ ಅವುಗಳನ್ನು ಮನೆಗಳಲ್ಲಿ ಬಚ್ಚಿಟ್ಟರು. ಆ ಕಾಲ ಮರಳಲಿಲ್ಲ. 1924ರ ಸುಧಾರಣೆ ಮುಗಿಯುವಷ್ಟರಲ್ಲಿ ಒಂದು ಹೊಸ ರೂಬಲ್ 5,000 ಕೋಟಿ ಹಳೆಯ ರೂಬಲ್‌ಗಳಿಗೆ ಸಮವಾಗಿತ್ತು. ಜೀವಮಾನದ ಉಳಿತಾಯ ರದ್ದಿ ಕಾಗದವಾಯಿತು.

ನಮ್ಮ ನೂರು ರೂಪಾಯಿ ನೋಟಿನ ಮೇಲೂ ರಿಸರ್ವ್ ಬ್ಯಾಂಕ್ ಗವರ್ನರರ ವಾಗ್ದಾನವಿದೆ. ಅದನ್ನು ಓದುವಾಗ ವಿದ್ಯಾರ್ಥಿಗಳು ಕಾತೆಂಕಾವನ್ನು ನೆನೆಯಲಿ. ಮಾತನ್ನು ಅಚ್ಚು ಹಾಕುವುದು ಸುಲಭ, ಉಳಿಸಿಕೊಳ್ಳುವುದೇ ಕಷ್ಟ.