ಚಿನ್ನದ ಗಣಿಯಿಂದ ತೋಟದ ಶೆಡ್ಡಿಗೆ



ಕಳೆದ ಬೇಸಿಗೆಯಲ್ಲಿ ಒಂದು ಊರಿಗೆ ಹೋಗಿದ್ದೆ. ಅಲ್ಲಿನ ಹಿರಿಯ ರೈತರೊಬ್ಬರು ತೋಟದ ಮೂಲೆಯ ಶೆಡ್ಡನ್ನು ತೋರಿಸಿದರು. ಹಿಂದೆ ಗೊಬ್ಬರದ ಚೀಲ, ಗುದ್ದಲಿ ಇಡುತ್ತಿದ್ದ ಜಾಗ. ಈಗ ಅವರ ಮಗ ಬಿಡುವಿನ ಹೊತ್ತಿನಲ್ಲಿ ಅಲ್ಲಿ ಬುಗುರಿ, ಮರದ ಆಟಿಕೆ ಕಡೆಯುತ್ತಾನೆ. ಸಣ್ಣ ಮೋಟರು ಇಟ್ಟಿದ್ದಾನೆ. ಕರೆಂಟು ಎಲ್ಲಿಂದ ಅಂತ ನೋಡಿದರೆ, ಮನೆಯ ಜಗಲಿಯಿಂದ ಒಂದು ತೆಳು ವೈರು ಹೊರಟು, ನುಗ್ಗೆ ಕೊಂಬೆಯ ಮೇಲೆ ಹಾದು, ಬೇಲಿ ದಾಟಿ ಶೆಡ್ಡು ಸೇರಿತ್ತು.

"ಭಯ ಇಲ್ಲ ಸ್ವಾಮಿ, ಫ್ಯೂಸು ಇದೆಯಲ್ಲ. ಏನಾದ್ರೂ ಆದ್ರೆ ಅದೇ ಹೋಗುತ್ತೆ" ಅಂದರು ಹಿರಿಯರು.

ಡಿಪ್ಲೊಮಾ ಓದುವಾಗ ನಾನೂ ಹಾಗೆಯೇ ನಂಬಿದ್ದೆ. ಆದರೆ ಫ್ಯೂಸು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವ ಸಾಧನ ಬರಲು ಎಷ್ಟು ಕಾಲ ಹಿಡಿಯಿತು, ಕೇಳಿ.

ನಮ್ಮ ನಾಡಿನಲ್ಲಿ ಕಾವೇರಿಯ ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತು ಹರಿಯಿತು. ಆ ಯೋಜನೆಗೆ ದುಡಿದ ದಿವಾನ್ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ವಿದ್ಯುತ್ತು ಮೊದಲು ಹೋದದ್ದು ಯಾರ ಮನೆಯ ದೀಪಕ್ಕೂ ಅಲ್ಲ. ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಯ ತೋಟದ ಮಾತು ಬಿಡಿ, ಅದು ಬಹಳ ತಡ.

ಆ ಕಾಲದಿಂದಲೂ ಇದ್ದ ಕಾವಲು ಎರಡು. ಒಂದು ಫ್ಯೂಸು; ಮಿತಿ ಮೀರಿ ಕರೆಂಟು ಹರಿದರೆ ಅದರ ತಂತಿ ಕರಗುತ್ತೆ. ಇನ್ನೊಂದು ಅರ್ಥಿಂಗು, ಯಂತ್ರದ ಲೋಹದ ಮೈಯನ್ನು ಭೂಮಿಗೆ ಜೋಡಿಸುವುದು. 1956ರ ಭಾರತೀಯ ವಿದ್ಯುತ್ ನಿಯಮಗಳು ಇದನ್ನು ಕಡ್ಡಾಯ ಮಾಡಿದ್ದವು. ಅರ್ಥಿಂಗು ಬೇಕೇ ಬೇಕು. ಆದರೆ ಬೇಸಿಗೆಯಲ್ಲಿ ಒಣಗಿದ ನೆಲ ಕರೆಂಟನ್ನು ಸಲೀಸಾಗಿ ಎಳೆದುಕೊಳ್ಳುವುದಿಲ್ಲ. ಲೆಕ್ಕ ಹಾಕೋಣ. ಗುಂಡಿಯ ತಡೆ 20 ಓಮ್ ಇದೆ ಅನ್ನಿ. 230 ವೋಲ್ಟು ಅದರ ಮೂಲಕ ಹರಿಸುವುದು 11.5 ಆಂಪಿಯರ್. ನಿಮ್ಮ ಫ್ಯೂಸು 15 ಆಂಪಿಯರಿನದ್ದಾದರೆ ಅದು ಕರಗುವುದೇ ಇಲ್ಲ! ಮೋಟರಿನ ಮೈಯಲ್ಲಿ ಕರೆಂಟು ಹಾಗೇ ನಿಂತಿರುತ್ತೆ. ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತುವವರ ವಿಷಯ ಹೇಳುವುದೇ ಬೇಡ.

ಮನುಷ್ಯನ ಕೈ ಕರೆಂಟಿಗೆ ಅಂಟಿಕೊಳ್ಳಲು ಎಷ್ಟು ಬೇಕು? ಅಮೆರಿಕದ ಬರ್ಕ್‌ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ತಾವಾಗಿ ಮುಂದೆ ಬಂದವರ ಮೇಲೆ ಪರೀಕ್ಷೆ ಮಾಡಿ ನೋಡಿದರು. ಹಿಡಿದದ್ದನ್ನು ಬಿಡಲಾಗದ ಮಟ್ಟ ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ 10.5. ಒಂದು ಆಂಪಿಯರಿನ ಸಾವಿರದಲ್ಲೊಂದು ಭಾಗವೇ ಮಿಲಿಆಂಪಿಯರ್. 15 ಆಂಪಿಯರಿನ ಫ್ಯೂಸಿಗೆ ಇದು ಗೊತ್ತೇ ಆಗುವುದಿಲ್ಲ.

ಇದಕ್ಕೆ ದಾರಿ ಸಿಕ್ಕಿದ್ದೂ ಚಿನ್ನದ ಗಣಿಯಲ್ಲೇ. ದಕ್ಷಿಣ ಆಫ್ರಿಕದ ಗಣಿಗಳಿಗಾಗಿ ಹೆನ್ರಿ ರೂಬಿನ್ 1955ರಲ್ಲಿ ಸೋರಿಕೆ ಪತ್ತೆಹಚ್ಚುವ ಸಾಧನ ಮಾಡಿದರು. ಡಾಲ್ಜಿಯಲ್ 1961ರಲ್ಲಿ ಇನ್ನೂ ಸೂಕ್ಷ್ಮವಾದದ್ದನ್ನು ರೂಪಿಸಿದರು. ತೂಬಿನಲ್ಲಿ ಬಿಟ್ಟ ನೀರೆಷ್ಟು, ಗದ್ದೆ ಮುಟ್ಟಿದ್ದೆಷ್ಟು ಅಂತ ನೀರುಗಂಟಿ ನೋಡುವ ಹಾಗೆ, ಇದು ಹೋದ ಕರೆಂಟನ್ನೂ ತಿರುಗಿ ಬಂದದ್ದನ್ನೂ ತೂಗಿ ನೋಡುತ್ತೆ. ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತೆ. ನಮ್ಮ ಪೇಟೆಯಲ್ಲಿ ಇದನ್ನು ಆರ್‌ಸಿಸಿಬಿ ಅಂತಾರೆ. ಹಳೇ ಅಂಗಡಿಯವರು ಇಎಲ್‌ಸಿಬಿ ಅಂದಾರು. ಕೇಳುವಾಗ 30 ಮಿಲಿಆಂಪಿಯರಿನದ್ದೇ ಬೇಕು ಅನ್ನಿ.

ಹಿರಿಯರು ಒಪ್ಪಿದರು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದು ನುಗ್ಗೆ ಮರದ ವೈರು ಇಳಿಸಿದ. ಎರಡೂವರೆ ಅಡಿ ಆಳ ಕಾಲುವೆ ತೋಡಿಸಿ, ಉಕ್ಕಿನ ಕವಚದ ಕೇಬಲ್ಲು ಹೂಳಿಸಿ, ಮರಳು ಹಾಕಿ, ಮೇಲೆ ಇಟ್ಟಿಗೆ ಸಾಲು ಕೂರಿಸಿದ, ನಾಳೆ ಗುದ್ದಲಿ ಬಿದ್ದರೆ ಗೊತ್ತಾಗಲಿ ಅಂತ. ಕೇಬಲ್ಲು ಹೊರಡುವ ಮನೆಯ ಕಡೆಯಲ್ಲೇ ಆರ್‌ಸಿಸಿಬಿ, ಅದರ ಜೊತೆ ವೈರಿಗೆ ತಕ್ಕ ಎಂಸಿಬಿ. ಶೆಡ್ಡಿನ ಹತ್ತಿರ ಅರ್ಥಿಂಗಿನ ಗುಂಡಿ.

ಆ ಸಾಧನದ ಮೇಲೆ 'ಟಿ' ಅಂತ ಬರೆದ ಗುಂಡಿ ಇರುತ್ತೆ. ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಕರೆಂಟು ಹೋಗದಿದ್ದರೆ ಅದು ಕೆಟ್ಟಿದೆ ಅಂತ ಅರ್ಥ, ಬದಲಾಯಿಸಿ. ಹಿರಿಯರ ಮನೆಯಲ್ಲಿ ಆ ಕೆಲಸ ಅಜ್ಜಿಯ ಪಾಲಿಗೆ ಬಂದಿದೆ. ಪ್ರತಿ ಅಮಾವಾಸ್ಯೆಯ ದಿನ, ಮೊಮ್ಮಗ ಬುಗುರಿ ಕಡೆಯುತ್ತಿರುವಾಗ ಹೇಳದೆ ಕೇಳದೆ ಒತ್ತಿಬಿಡುತ್ತಾರಂತೆ.